ಎಡಗಿವಿಗೆ ಹೇಳಿದ ಸ್ಕೋರು

ಪಾಂಟ್‌ಹೆಲಿಗ್, ವೇಲ್ಸ್
ಭಾನುವಾರ, 7 ಸೆಪ್ಟೆಂಬರ್ 1997

ಗ್ವಿಲ್,

ನೀನು ಮೊಮ್ಮಕ್ಕಳನ್ನು ನೋಡಬೇಕೆಂದು ಆಸ್ಟ್ರೇಲಿಯಾಕ್ಕೆ ಹೋದ ಮೇಲೆ ಬಂದಿರುವುದು ಒಂದೇ ಒಂದು ಕಾರ್ಡು. ಅದರಲ್ಲೂ ಕಾಂಗರೂವಿನ ಚಿತ್ರವೇ ಜಾಸ್ತಿ, ನಿನ್ನ ಮಾತು ಕಡಿಮೆ. ಫೋನ್ ಮಾಡೋಣವೆಂದರೆ ಗಣಿಯ ಡ್ರಿಲ್ಲು ನಿನ್ನ ಬಲಗಿವಿಯನ್ನು ಪೂರ್ತಿ ತಿಂದು ಹಾಕಿದೆ, ಎಡಗಿವಿಗೆ ಬಾಯಿ ಹಚ್ಚಿ ಹೇಳಿದರೆ ಮಾತ್ರ ಉಂಟು. ಪರ್ತ್ ತನಕ ನನ್ನ ಬಾಯಿ ಎಟುಕುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಶಾಲೆ ಬಿಟ್ಟು ಹುಡುಗನಾಗಿದ್ದಾಗಲೇ ಕಲ್ಲಿದ್ದಲಿಗೆ ಇಳಿದವನ ಅಕ್ಷರ, ಓದಲಾಗದಿದ್ದರೆ ನಿನ್ನ ಹೆಂಡತಿ ಮೋರ್ವೆನ್ ಕೈಲಿ ಓದಿಸಿಕೊ. ನಗಬೇಡ.

ನಿನ್ನೆ ರಗ್ಬಿ ಸೀಸನ್ನಿನ ಮೊದಲ ಪಂದ್ಯ. ನಮ್ಮ ಮೈದಾನದಲ್ಲೇ ನಲವತ್ತೊಂದು-ಆರಕ್ಕೆ ಸೋತೆವು. ಕೊನೇ ಡಿವಿಷನ್ನು ಇದು, ಇದರ ಕೆಳಗೆ ಹೊಳೆ ಮಾತ್ರ ಇದೆ. ಹದಿನೈದು ಜನ ಬೇಕು, ಸರಿಯಾಗಿ ಹದಿನೈದೇ ಜನ ಬಂದಿದ್ದರು. ಒಬ್ಬನಿಗೆ ಮದುವೆಯ ಊಟದ ಅಮಲು ಇಳಿದಿರಲಿಲ್ಲ. ಚೆಂಡು ಎರಡು ಸಲ ಹೊಳೆಗೆ ಬಿತ್ತು, ಎರಡು ಸಲವೂ ಬಲೆ ಹಿಡಿದು ತೆಗೆದವನು ನಾನೇ. ಬಕೆಟ್ಟು ನನ್ನದು, ಸ್ಪಂಜು ನನ್ನದು, ಜರ್ಸಿ ಒಗೆಯುವುದು ನನ್ನದು, ತಂಡ ಆರಿಸುವುದೂ ನನ್ನದೇ. ಆರಿಸಲಿಕ್ಕೆ ಏನಿದೆ ಮಣ್ಣು. ಬಂದವನೇ ಆಟಗಾರ.

ಒಂದೇ ಸಮಾಧಾನ, ನಿನ್ನ ತಂಗಿ ಬ್ರೆಂಡಾಳ ಮಗ ಲೇಟನ್. ನೀನು ನಿಲ್ಲುತ್ತಿದ್ದ ಜಾಗದಲ್ಲಿ, ಮುಂದಿನ ಸಾಲಿನ ನಡುವೆ, ಹುಕ್ಕರ್ ಆಗಿ ನಿಲ್ಲುತ್ತಾನೆ. ನಿನ್ನದೇ ಗಿಡ್ಡ ಕುತ್ತಿಗೆ, ನಿನ್ನದೇ ಹೊಲಸು ಬಾಯಿ. ಅವನ ಎಡಕ್ಕೆ ನನ್ನ ಹಳೇ ಜಾಗದಲ್ಲಿ ಡೋರಿಯನ್. ಕೋಳಿ ಫ್ಯಾಕ್ಟರಿಯಲ್ಲಿ ಕೆಲಸ, ಎಮ್ಮೆಯಂಥ ಹೆಗಲು, ತಲೆಯೂ ಅದರದ್ದೇ.

ಲೀಗಿನವರು ಈ ವರ್ಷ ಹೊಸ ಕಟ್ಟಳೆ ತಂದಿದ್ದಾರೆ. ಮುಂದಿನ ಸಾಲಿನ ಕೆಲಸ ಕಲಿತ ಮೂವರು ಇರದಿದ್ದರೆ ಸ್ಕ್ರಮ್ಮಿನಲ್ಲಿ ಎದುರಾಳಿಯ ಹೆಗಲಿಗೆ ಹೆಗಲು ಕೊಡುವ ತಳ್ಳಾಟ ಇಲ್ಲ. ತಳ್ಳಾಟ ಇಲ್ಲದ ಪಂದ್ಯ ಬಿಟ್ಟುಕೊಟ್ಟ ಪಂದ್ಯ. ಮೂರು ಪಂದ್ಯ ಬಿಟ್ಟುಕೊಟ್ಟ ಕ್ಲಬ್ಬು ಲೀಗಿನಿಂದ ಹೊರಗೆ. ಹೊರಗೆ ಬಿದ್ದ ದಿನ ಕೌನ್ಸಿಲ್ಲಿನವರು ಮೈದಾನ ವಾಪಸ್ ಕಿತ್ತುಕೊಳ್ಳುತ್ತಾರೆ, ಅದಕ್ಕೇ ಬಾಯಿ ಬಿಟ್ಟುಕೊಂಡು ಕೂತಿದ್ದಾರೆ. ಗಣಿ ಹೋಯಿತು. ಪ್ರಾರ್ಥನೆಯ ಚಾಪೆಲ್ಲು ಕಾರ್ಪೆಟ್ ಅಂಗಡಿಯಾಯಿತು. ಈ ಊರಿಗೆ ಉಳಿದಿರುವುದು ಈ ಸೊಟ್ಟ ಮೈದಾನ ಒಂದೇ. ಊರಿನಲ್ಲಿ ಹುಕ್ಕರ್ ಅಂತ ಇರುವುದು ಲೇಟನ್ ಒಬ್ಬನೇ.

ಕೊನೇ ಪಂದ್ಯ ಏಪ್ರಿಲ್ ಹದಿನೆಂಟಕ್ಕೆ, ಇಲ್ಲೇ, ಟ್ರೆವೋರ್ಗನ್ ವಿರುದ್ಧ. ಬರುತ್ತೇನೆ ಎಂದು ಮಾತು ಕೊಟ್ಟಿದ್ದೀಯಾ. ಚೆಂಡಿಗೆ ಮೊದಲ ಒದೆ ನಿನ್ನದು ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.

ಎಲ್ವಿನ್

*

ಪರ್ತ್
28 ಸೆಪ್ಟೆಂಬರ್ 1997

ಲೋ ಎಲ್ವಿನ್, ಮುದಿ ಗೂಳಿ,

ನಿನ್ನ ಕಾಗದ ಮೂರು ಸಲ ಓದಿದೆ. ನಿನ್ನ ಅಕ್ಷರ ನೋಡಿದರೆ ಕೋಳಿ ಕಾಲಿಗೆ ಮಸಿ ಬಳಿದು ಬಿಟ್ಟ ಹಾಗಿದೆ. ಆದರೂ ಒಂದೊಂದು ಸಾಲಿಗೂ ಒದ್ದೆ ಜರ್ಸಿಯ ವಾಸನೆ ಬಂತು.

ಇಲ್ಲಿ ಬೆಟ್ಟವೇ ಇಲ್ಲ ಮಾರಾಯ. ಎಲ್ಲಿ ನೋಡಿದರೂ ಚಪ್ಪಟೆ. ಬಿಸಿಲು ಬಟ್ಟೆ ಒಣಗಿಸುವುದಕ್ಕೆ ಒಳ್ಳೆಯದು, ಮನುಷ್ಯನಿಗೆ ಅಲ್ಲ. ಮಗಳ ಮನೆಯ ಪಕ್ಕ ಗಂಡಸರು ಬನಿಯನ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡನ್ನು ಒದ್ದು ಆಡುತ್ತಾರೆ. ನೋಡಲು ಹೋದೆ. "ಸ್ಕ್ರಮ್ ಯಾವಾಗ?" ಎಂದು ಕೇಳಿದೆ. "ಅದು ಬೇರೆ ಆಟ ತಾತ" ಎಂದರು. ಮನೆಗೆ ವಾಪಸ್ ಬಂದೆ.

ಲೇಟನ್‌ಗೆ ಹೇಳು, ತಲೆ ಎತ್ತಿಕೊಂಡು ಒಳಗೆ ಹೋಗಬೇಕು, ನೆಲ ನೋಡಿಕೊಂಡಲ್ಲ. ಪೆಟ್ಟಾದರೆ ಎಡಗಡೆ ತಿರುಗು ಅಂತಲೂ ಹೇಳು. ನೆನಪಿದೆಯಾ, ಟ್ರೆವೋರ್ಗನ್ನಿನಲ್ಲಿ ಆ ಕಸಾಯಿಯವನ ಮೊಣಕಾಲು ನನ್ನ ಕಿವಿಯ ಹಿಂದೆ ಬಿದ್ದದ್ದು? ಕನ್ನಡಕದ ಡಾಕ್ಟರು ಓಡಿ ಬಂದು, "ಸ್ಕೋರೆಷ್ಟಪ್ಪ? ಇದು ಯಾವ ಊರು?" ಅಂದ. ನನಗೆ ನನ್ನ ಹೆಸರೇ ಗೊತ್ತಿರಲಿಲ್ಲ. ಎಡಕ್ಕೆ ತಿರುಗಿದೆ. ನೀನು ಲೇಸು ಕಟ್ಟುವವನ ಹಾಗೆ ಬಗ್ಗಿ ಕಿವಿಗೆ ಉಸುರಿದೆ, "ಒಂಬತ್ತು-ಮೂರು, ಟ್ರೆವೋರ್ಗನ್, ನೀನು ಗ್ವಿಲಿಮ್ ಪಾಸ್ಕ್, ಏಳೋ ಸೋಮಾರಿ." ನಾನು ಹಾಗೇ ಒಪ್ಪಿಸಿದೆ. ಕೊನೆಯ ಮಾತನ್ನೂ ಸೇರಿಸಿ. ಡಾಕ್ಟರು ಯಾರನ್ನು ಸೋಮಾರಿ ಅಂದೆ ಎಂದು ಕೇಳಿದ!

ಅದೆಲ್ಲ ಸ್ಪಷ್ಟವಾಗಿ ಕಣ್ಣಮುಂದೆ ಇದೆ. ನಿನ್ನೆಯದು ಎನ್ನುವ ಹಾಗೆ. ನಿನ್ನೆಗಿಂತ ಚೆನ್ನಾಗಿ.

ಏಪ್ರಿಲ್‌ಗೆ ಖಂಡಿತ ಬರುತ್ತೇನೆ. ನೆಸ್ಟಾಗೆ ಹೇಳು, ಅವಳ ಕೈಯ ಕುರಿ ಸಾರು ಕುಡಿಯದೆ ನಾನು ಮೈದಾನಕ್ಕೆ ಕಾಲಿಡುವುದಿಲ್ಲ.

ನಿನ್ನ ಗ್ವಿಲ್

*

ಪಾಂಟ್‌ಹೆಲಿಗ್
ಭಾನುವಾರ, 19 ಅಕ್ಟೋಬರ್ 1997

ಗ್ವಿಲಿಮ್,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಉತ್ತರ ಬರೆಯಬಾರದು ಎಂದುಕೊಂಡಿದ್ದೆ.

ನೆಸ್ಟಾಗೆ ಹೇಳು ಎಂದು ಬರೆದಿದ್ದೀಯಾ. ಏನು ಹೇಳಲಿ? ಎಲ್ಲಿ ಹೋಗಿ ಹೇಳಲಿ? ನನ್ನ ಹೆಂಡತಿಯ ಶವಪೆಟ್ಟಿಗೆಗೆ ನನ್ನ ಜೊತೆ ಹೆಗಲು ಕೊಟ್ಟವನು ನೀನು. ಗುಡ್ಡದ ಮೇಲೆ ಮಣ್ಣು ಜಾರಿದಾಗ "ಗಟ್ಟಿಯಾಗಿ ಹಿಡ್ಕೋ, ಸ್ಕ್ರಮ್ ಅಂದ್ಕೋ" ಎಂದವನೂ ನೀನೇ. ಅಲ್ಲಿ ಬಿಸಿಲಲ್ಲಿ ಬಿಯರ್ ಕುಡಿಯುತ್ತಾ ತಮಾಷೆ ಮಾಡಲು ನಿನಗೆ ಬೇರೆ ಹೆಸರು ಸಿಗಲಿಲ್ಲವೇ? ಬೇರೆ ಯಾರಾದರೂ ಬರೆದಿದ್ದರೆ ವಿಮಾನ ಹತ್ತಿ ಬಂದು ಹಲ್ಲು ಉದುರಿಸುತ್ತಿದ್ದೆ.

ನಾಲ್ಕು ಆಡಿದೆವು, ನಾಲ್ಕೂ ಸೋತೆವು. ಐದನೆಯದನ್ನು ಬಿಟ್ಟುಕೊಟ್ಟೆವು. ಲೇಟನ್‌ಗೆ ಬ್ರೆಡ್ ವ್ಯಾನಿನ ಡ್ಯೂಟಿ ಇತ್ತು, ಯಜಮಾನ ಬಿಡಲಿಲ್ಲ. ಹುಕ್ಕರ್ ಇಲ್ಲ ಎಂದು ರೆಫರಿಗೆ ನಾನೇ ಹೋಗಿ ಹೇಳಿದೆ. ಮೂರರಲ್ಲಿ ಒಂದು ಹೋಯಿತು.

ಎಲ್ವಿನ್ ಪ್ರೋಬರ್ಟ್

*

ಪರ್ತ್
9 ನವೆಂಬರ್ 1997

ಪ್ರೀತಿಯ ಎಲ್ವಿನ್,

ನೆಸ್ಟಾಳ ಹೆಸರು ಹಾಗೆ ಬರೆದದ್ದಕ್ಕೆ ಕ್ಷಮಿಸು. ತಮಾಷೆಯಲ್ಲ. ವರ್ಷಗಟ್ಟಲೆ ನಿಮ್ಮಿಬ್ಬರ ಹೆಸರನ್ನೂ ಒಟ್ಟಿಗೆ ಬರೆದು ರೂಢಿಯಾದ ಕೈ, ಅಷ್ಟೇ. ಆ ದಿನದ ಮಳೆ ನೆನಪಿದೆ.

ಏಪ್ರಿಲ್‌ಗೆ ಬರಲಾಗುವುದಿಲ್ಲ. ಪ್ರಯಾಣ ದೂರ. ಕಾರಣ ಕೇಳಬೇಡ.

ಇಲ್ಲಿ ಎಲ್ಲರೂ ಕ್ಷೇಮ. ನಾನೂ ಕ್ಷೇಮ. ತೋಟದಲ್ಲಿ ನಿಂಬೆಗಿಡ ಹೂ ಬಿಟ್ಟಿದೆ. ಲೇಟನ್‌ನನ್ನು ಚೆನ್ನಾಗಿ ನೋಡಿಕೊ ಎಲ್ವಿನ್. ಚೆನ್ನಾಗಿ ನೋಡಿಕೊ.

ಗ್ವಿಲ್

*

ಪಾಂಟ್‌ಹೆಲಿಗ್
ಭಾನುವಾರ, 14 ಡಿಸೆಂಬರ್ 1997

ಗ್ವಿಲ್,

ಬರಲಾಗುವುದಿಲ್ಲವಂತೆ, ಕಾರಣ ಕೇಳಬಾರದಂತೆ. ನಿಂಬೆಗಿಡ ಹೂ ಬಿಟ್ಟಿದೆಯಂತೆ. ಪಾದ್ರಿಯ ಹೆಂಡತಿ ಬರೆದ ಹಾಗೆ ಬರೆದಿದ್ದೀಯಲ್ಲೋ. ದೊಡ್ಡ ಮನುಷ್ಯನಾದೆ, ಸರಿ. ಮುನಿಸಿಕೊಳ್ಳೋಣವೆಂದು ಕೂತಿದ್ದೆ. ಆದರೆ ಇಂಥ ಸುದ್ದಿಯನ್ನು ನಿನಗೆ ಬಿಟ್ಟು ಬೇರೆ ಯಾರಿಗೆ ಹೇಳಲಿ.

ಗೆದ್ದೆವು! ಅದೂ ಹೋದ ವಾರ ಟ್ರೆವೋರ್ಗನ್ನಿಗೆ ಹೋಗಿ ಗೆದ್ದೆವು. ಹದಿನಾರು-ಹದಿನೈದು.

ಆಲಿಕಲ್ಲಿನ ಮಳೆ. ಕೆಸರು ಮೊಣಕಾಲ ತನಕ. ಎರಡನೇ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಸ್ಕ್ರಮ್ಮು ಕುಸಿಯಿತು. ಎಲ್ಲರೂ ಎದ್ದರು, ಲೇಟನ್ ಏಳಲಿಲ್ಲ. ಬಕೆಟ್ ಹಿಡಿದು ಓಡಿದೆ. ಕಣ್ಣು ತೆರೆದೇ ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ. ಕುತ್ತಿಗೆಗೆ ತಣ್ಣೀರು ಹಿಂಡಿದೆ. ರೆಫರಿ ಹೊಸಬ, ಶಾಲೆಯ ಮೇಷ್ಟ್ರ ಥರದವನು, ಪುಸ್ತಕ ತೆಗೆದ. ನಿನಗೆ ಗೊತ್ತಲ್ಲ, ತಲೆಗೆ ಪೆಟ್ಟು ಎಂದು ಅವನು ಬರೆದರೆ ಮೂರು ವಾರ ಆಟ ಬಂದ್. ಮೂರು ವಾರ ಅಂದರೆ ಮೂರು ಪಂದ್ಯ. ಕ್ಲಬ್ಬಿನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

"ಸ್ಕೋರ್ ಎಷ್ಟಪ್ಪ?" ಎಂದು ಕೇಳಿದ.

ಡೋರಿಯನ್‌ಗೆ ನಾನು ಆಗಸ್ಟಿನಲ್ಲೇ ಪಾಠ ಹೇಳಿಕೊಟ್ಟಿದ್ದೆ. ಲೇಸು ಕಟ್ಟುವ ನೆಪದಲ್ಲಿ ಬಗ್ಗಿದ. ಲೇಟನ್ ಎಡಕ್ಕೆ ತಿರುಗಿದ. ಆಮೇಲೆ, "ಹದಿಮೂರು-ಹದಿನೈದು ಸಾರ್. ಟ್ರೆವೋರ್ಗನ್ ಸಾರ್. ಶನಿವಾರ ಸಾರ್."

"ಶನಿವಾರ ಅಂತ ನಾನು ಕೇಳಲೇ ಇಲ್ಲವಲ್ಲ?"

"ಮುಂದಿನ ಪ್ರಶ್ನೆ ಅದೇ ಅಲ್ವಾ ಸಾರ್."

ರೆಫರಿಯೇ ನಕ್ಕುಬಿಟ್ಟ. ಪುಸ್ತಕ ಜೇಬಿಗೆ ಹೋಯಿತು. ಕೊನೆಗೆ ಒಂದು ಪೆನಾಲ್ಟಿ ಒದ್ದು ಗೆದ್ದೆವು. ನಮ್ಮ ವಿದ್ಯೆ ಇನ್ನೂ ಸತ್ತಿಲ್ಲ ಗ್ವಿಲ್. ಬಸ್ಸಿನಲ್ಲಿ ಬರುವಾಗ ನಿನ್ನ ಹೆಸರು ಹಿಡಿದು ಹಾಡಿದೆವು.

ನಗುವಂಥದ್ದು ಇನ್ನೊಂದು ಇದೆ. ಸೋಮವಾರ ನಮ್ಮ ಲೇಟನ್ ಬ್ರೆಡ್ ವ್ಯಾನು ತೆಗೆದುಕೊಂಡು ಹೋಗಿ ಸ್ಟೇಷನ್ ರಸ್ತೆಯ ಅಂಗಡಿಗೆ ಬ್ರೆಡ್ ಇಳಿಸಿದ. ಒಂದು ಸುತ್ತು ಹೊಡೆದು ಬಂದು ಅದೇ ಅಂಗಡಿಗೆ ಮತ್ತೆ ಇಳಿಸಿದ. "ಈಗ ತಾನೇ ಕೊಟ್ಟೆಯಲ್ಲೋ" ಎಂದರೆ ಅಂಗಡಿಯವಳ ಜೊತೆಗೇ ಜಗಳ. ಕ್ಲಬ್ಬಿನಲ್ಲಿ ಈಗ ಅವನ ಹೆಸರು "ಎರಡು ಬ್ರೆಡ್ಡು." ಕೂಗಿದರೆ ತಾನೂ ನಗುತ್ತಾನೆ, ಸ್ವಲ್ಪ ತಡವಾಗಿ.

ಕ್ರಿಸ್‌ಮಸ್ಸಿಗೆ ನಿನಗೊಂದು ಕ್ಲಬ್ ಟೈ ಕಳಿಸಿದ್ದೇನೆ. ನಿಂಬೆಗಿಡಕ್ಕೆ ಕಟ್ಟು.

ಎಲ್ವಿನ್

*

ಪಾಂಟ್‌ಹೆಲಿಗ್
3 ಜುಲೈ

ಎಲ್,

ಶನಿವಾರ ನಾನು ಬರುವುದು ತಡ. ಮಧ್ಯಾಹ್ನದ ಪಾಳಿ ಹಾಕಿದ್ದಾರೆ. ಲಾರಿಯನ್ನು ಗಣಿಯ ದೀಪದ ಕೋಣೆಯ ಹತ್ತಿರ ನಿಲ್ಲಿಸು, ಸ್ನಾನ ಮಾಡದೆ ಹಾಗೇ ಹತ್ತುತ್ತೇನೆ. ನನ್ನ ಬೂಟು ನಿನ್ನ ಹತ್ತಿರವೇ ಇರಲಿ. ಮೊಳೆ ಸಡಿಲವಾಗಿದೆ, ಬಡಿದಿಡು.

ಇಲ್ಲಿ ಯಾರೋ ಕುತ್ತಿಗೆಗೆ ಟೈ ಕಟ್ಟುತ್ತಿದ್ದಾರೆ. ಮದುವೆ ಯಾರದ್ದು ಎಂದು ಹೇಳುತ್ತಿಲ್ಲ.

ಸ್ಕೋರು ಎಷ್ಟಾಯಿತು?

ಗ್ವಿ

*

ಪಾಂಟ್‌ಹೆಲಿಗ್
ಭಾನುವಾರ, 1 ಫೆಬ್ರವರಿ 1998

ಗ್ವಿಲ್,

ಜುಲೈ ಅಂತೆ ಜುಲೈ! ಅಲ್ಲಿ ಬೇಸಿಗೆ, ಇಲ್ಲಿ ಹಿಮ ಅಂತ ನನ್ನನ್ನು ಆಡಿಸುವುದಕ್ಕೆ ತಾರೀಖನ್ನೇ ತಿರುಗಿಸಿ ಹಾಕಿದ್ದೀಯಾ. ಊರಿನ ಹೆಸರೂ ನಮ್ಮದೇ. ಮೇಲಿಂದ ದೀಪದ ಕೋಣೆ, ಲಾರಿ, ಬೂಟಿನ ಮೊಳೆ. ಕ್ಲಬ್ಬಿನಲ್ಲಿ ಜೋರಾಗಿ ಓದಿದೆ. ಮುದುಕರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಳೇ ಗ್ವಿಲ್ ವಾಪಸ್ ಬಂದ ಎಂದರು. ಆ ನಿಂಬೆಗಿಡದ ಕಾಗದಕ್ಕಿಂತ ಇದು ಸಾವಿರ ಪಾಲು ವಾಸಿ.

ಇಲ್ಲಿಯ ಸುದ್ದಿ ನಗುವಂಥದ್ದಲ್ಲ. ಜನವರಿಯಲ್ಲಿ ಇನ್ನೊಂದು ಪಂದ್ಯ ಬಿಟ್ಟುಕೊಟ್ಟೆವು. ಲೇಟನ್ ಬೆಳಿಗ್ಗೆ ಎದ್ದವನು ವಾಂತಿ ಮಾಡಿಕೊಂಡು ಮತ್ತೆ ಮಲಗಿದ. ಜ್ವರ ಇರಬೇಕು. ಈಗ ಎರಡು ಹೋದಂತಾಯಿತು. ಇನ್ನೊಂದು ಹೋದರೆ ಮೈದಾನಕ್ಕೆ ಬೀಗ.

ಹೋದ ಶನಿವಾರ ಅವನಿಗೆ ಇನ್ನೊಂದು ಪೆಟ್ಟಾಯಿತು. ದೊಡ್ಡದಲ್ಲ. ಡೋರಿಯನ್ ಉಸುರಿದ, ಇವನು ಒಪ್ಪಿಸಿದ, ಆಟ ನಡೆಯಿತು. ಆದರೆ ಪಂದ್ಯ ಮುಗಿದ ಮೇಲೆ ನಿನ್ನ ತಂಗಿ ಬ್ರೆಂಡಾ ಗೇಟಿನ ಹತ್ತಿರ ನನ್ನನ್ನು ಹಿಡಿದುಕೊಂಡಳು. ಚಪ್ಪಲಿಯಲ್ಲೇ ಬಂದಿದ್ದಳು, ಆ ಕೆಸರಿನಲ್ಲಿ.

"ಎಲ್ವಿನ್, ನನ್ನ ಮಗನ್ನ ಬಿಟ್ಬಿಡಿ" ಎಂದಳು.

"ನಾನೇನು ಕಟ್ಟಿ ಹಾಕಿದೀನಾ? ಅವನೇ ಬರ್ತಾನೆ."

"ಅವನು ಬರ್ತಾನೆ, ಬರ್ದೇ ಏನು. ನೀವೆಲ್ಲ ಸೇರಿ ಊರು ಅವನ ಕುತ್ತಿಗೆ ಮೇಲೆ ನಿಂತಿದೆ ಅಂತ ಹೇಳಿದೀರಲ್ಲ. ಮನೇಲಿ ಪರದೆ ಎಲ್ಲಾ ಎಳ್ಕೊಂಡು ಕೂತಿರ್ತಾನೆ, ಬೆಳಕು ಆಗಲ್ಲ ಅಂತಾನೆ. ಮೊನ್ನೆ ಸಾರಿಗೆ ಉಪ್ಪು ಜಾಸ್ತಿ ಅಂತ ತಟ್ಟೆ ಗೋಡೆಗೆ ಎಸೆದ. ನನ್ನ ಮಗ ತಟ್ಟೆ ಎಸೆಯೋನಾ?"

"ಹರೆಯದ ಹುಡುಗರು ಎಸೀತಾರೆ. ನಿಮ್ಮಣ್ಣ ನನ್ನ ಮೇಲೆ ಬೆಂಚೇ ಎಸೆದಿದ್ದ."

"ಹೌದು. ನಮ್ಮಣ್ಣ." ಅಷ್ಟು ಹೇಳಿ ನನ್ನ ಮುಖವನ್ನೇ ನೋಡಿದಳು. ಇನ್ನೇನೋ ಹೇಳುವವಳಿದ್ದಳು, ನುಂಗಿಕೊಂಡಳು. ಎಲ್ಲರ ಎದುರಿಗೆ ನನ್ನ ಬಕೆಟ್ಟನ್ನು ಒದ್ದು ಉರುಳಿಸಿ ಹೋದಳು.

ಹೆಂಗಸರಿಗೆ ಈ ಆಟ ಅರ್ಥವಾಗುವುದಿಲ್ಲ. ನಿನ್ನ ತಂಗಿಗೆ ನೀನೇ ಒಂದು ಮಾತು ಬರೆ. ನಿನಗೆ ಇಂಥ ಪೆಟ್ಟು ಎಷ್ಟು ಬಿದ್ದಿಲ್ಲ, ಏನಾಗಿದೆ ನಿನಗೆ? ಬಿಸಿಲಲ್ಲಿ ಕೂತು ಜುಲೈ ಅಂತ ಜೋಕು ಬರೆಯುತ್ತಿದ್ದೀಯಾ. ಅದನ್ನೇ ಅವಳಿಗೆ ಹೇಳು.

ಎಲ್ವಿನ್

*

ಪಾಂಟ್‌ಹೆಲಿಗ್
ಭಾನುವಾರ, 8 ಮಾರ್ಚ್ 1998

ಗ್ವಿಲ್,

ಉತ್ತರ ಇಲ್ಲ. ಬ್ರೆಂಡಾಗೂ ಬರೆದಿಲ್ಲವಂತೆ. ಒಂದು ಸಾಲು ಬರೆಯಲು ಏನು ಧಾಡಿ?

ಇನ್ನೂ ಮೂರು ಗೆದ್ದೆವು. ನಂಬುವುದಿಲ್ಲ ನೀನು. ಕೆಳಗಿನಿಂದ ಮೇಲೆ ಬಂದಿದ್ದೇವೆ. ಕೊನೇ ಪಂದ್ಯದ ತನಕ ಲೇಟನ್ ನಿಂತರೆ ಕ್ಲಬ್ಬು ಉಳಿಯುತ್ತದೆ. ವ್ಯಾನಿನ ಕೆಲಸ ಬಿಟ್ಟಿದ್ದಾನೆ, ಅಥವಾ ಅವರೇ ಬಿಡಿಸಿದ್ದಾರೆ. ಇನ್ನೂ ಒಳ್ಳೆಯದು, ಶನಿವಾರದ ಡ್ಯೂಟಿಯ ಕಾಟ ಇಲ್ಲ.

ಮೊದಲ ಒದೆಗೆ ಇನ್ನೂ ನಿನ್ನ ಹೆಸರೇ ಇಟ್ಟಿದ್ದೇನೆ. ಬರದಿದ್ದರೆ ಹಾಳಾಗಿ ಹೋಗು.

ಎಲ್ವಿನ್

*

ಪರ್ತ್
29 ಮಾರ್ಚ್ 1998

ಎಲ್ವಿನ್ ಅವರಿಗೆ ಮೋರ್ವೆನ್ ಬರೆಯುವುದು.

ನೀವು ಗ್ವಿಲ್‌ಗೆ ಬರೆದ ಕೊನೆಯ ಎರಡು ಕಾಗದ ನನ್ನ ಕೈಯಲ್ಲೇ ಇವೆ. ಓದಿ ಹೇಳಿದೆ. ಅವರು ನಕ್ಕರು, ಆಮೇಲೆ "ಎಲ್ವಿನ್ ಯಾರು?" ಎಂದು ಕೇಳಿದರು. ನಿಮಗೆ ಇದನ್ನು ಬರೆಯಬಾರದು ಎಂದು ಅವರು ನನ್ನಿಂದ ಭಾಷೆ ತೆಗೆದುಕೊಂಡಿದ್ದರು. ಈಗ ಆ ಭಾಷೆಯೂ ಅವರಿಗೆ ನೆನಪಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾವು ಇಲ್ಲಿಗೆ ಬಂದದ್ದು ಮೊಮ್ಮಕ್ಕಳನ್ನು ನೋಡುವ ಆಸೆಗಲ್ಲ. ಅಲ್ಲಿದ್ದಾಗಲೇ ಶುರುವಾಗಿತ್ತು. ಗಣಿ ಮುಚ್ಚಿ ಅಷ್ಟು ವರ್ಷವಾಗಿದ್ದರೂ ಬೆಳಿಗ್ಗೆ ಎದ್ದು ಪಾಳಿಗೆ ಹೊರಡುತ್ತಿದ್ದರು. ಬ್ರೆಂಡಾ ಒಬ್ಬಳಿಗೇ ಗೊತ್ತಿತ್ತು. ನೀವು ನೋಡಬಾರದು, ಕ್ಲಬ್ಬಿನವರು ನೋಡಬಾರದು ಎಂದೇ ಅವರಿಗೆ ಇದ್ದದ್ದು. "ಎಲ್ವಿನ್ ಮುಂದೆ ದಡ್ಡನಾಗಲಾರೆ" ಎನ್ನುತ್ತಿದ್ದರು. ಸೆಪ್ಟೆಂಬರಿನ ಕಾಗದ ಅವರದ್ದೇ, ಒಳ್ಳೆಯ ದಿನ ಅದು. ನೆಸ್ಟಾ ಹೆಸರು ನನ್ನ ಕಣ್ಣು ತಪ್ಪಿ ಹೋಯಿತು. ನವೆಂಬರಿನದು ನಾನು ಹೇಳಿ ಬರೆಸಿದ್ದು. "ಲೇಟನ್‌ನನ್ನು ಚೆನ್ನಾಗಿ ನೋಡಿಕೊ" ಎನ್ನುವ ಮಾತು ಮಾತ್ರ ಅವರೇ ಸೇರಿಸಿದರು. ಎರಡು ಸಲ ಬರೆದರು. ಜುಲೈ ಎಂದು ಬರೆದದ್ದು ಜೋಕಲ್ಲ. ನಾನು ಅಂಗಡಿಗೆ ಹೋದಾಗ ಬರೆದು ಪಕ್ಕದ ಮನೆಯವರ ಕೈಲಿ ಅಂಚೆಗೆ ಹಾಕಿಸಿದ್ದಾರೆ.

ಹೋದ ವಾರ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ತಲೆಯ ಫೋಟೋ ನೋಡಿ ಅವರು ನನ್ನನ್ನು ಕೇಳಿದರು, "ನಿಮ್ಮ ಯಜಮಾನರು ಬಾಕ್ಸಿಂಗ್ ಆಡ್ತಿದ್ರಾ?"

"ಇಲ್ಲ, ರಗ್ಬಿ" ಎಂದೆ. "ಹುಕ್ಕರ್."

ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಗ್ವಿಲ್‌ಗೆ ಮೆಲ್ಲಗೆ ಪ್ರಶ್ನೆ ಕೇಳಿದರು. ಇದು ಯಾವ ತಿಂಗಳು? ಇದು ಯಾವ ಊರು?

ಗ್ವಿಲ್ ಎಡಕ್ಕೆ ತಿರುಗಿದರು. ಕುತ್ತಿಗೆ ಸ್ವಲ್ಪ ಬಗ್ಗಿಸಿ ಕಾದರು. ಅಲ್ಲಿ ಬರೀ ಗೋಡೆ ಇತ್ತು ಎಲ್ವಿನ್. ಡಾಕ್ಟರು ಮತ್ತೆ ಕೇಳಿದರು. ಇವರು ಮತ್ತೆ ಎಡಕ್ಕೆ ತಿರುಗಿ ಕಾದರು. ಮುಖದಲ್ಲಿ ಒಂದಿಷ್ಟೂ ಭಯ ಇರಲಿಲ್ಲ, ಉತ್ತರ ಇನ್ನೇನು ಬರುತ್ತದೆ ಎಂದು ಗೊತ್ತಿದ್ದವರ ಹಾಗೆ. ಅದು ಬರದೆ ಹೋದಾಗ ಅತ್ತರು.

ನಿಮ್ಮನ್ನು ಬೈಯಲು ಇದನ್ನು ಬರೆದಿಲ್ಲ. ಆ ಉಸುರಿನ ಕಥೆ ಕೇಳಿ ನಾನೂ ಎಷ್ಟೋ ವರ್ಷ ನಕ್ಕಿದ್ದೇನೆ. ಬ್ರೆಂಡಾ ನನಗೆ ಲೇಟನ್ ವಿಷಯ ಬರೆದಿದ್ದಾಳೆ. ಬ್ರೆಡ್ಡಿನ ವಿಷಯವೂ. ಗ್ವಿಲ್ ಇಲ್ಲಿ ದಿನಾ ಹಾಲು ತರುತ್ತಾರೆ, ಬಂದು ಬಾಟಲಿ ಇಟ್ಟು ಮತ್ತೆ ಹೋಗಿ ತರುತ್ತಾರೆ. ಮೊದಲು ನಾವೂ ನಗುತ್ತಿದ್ದೆವು.

ನಿಮ್ಮ ಟೈ ಅವರ ಕುತ್ತಿಗೆಯಲ್ಲೇ ಇದೆ, ಬಿಚ್ಚಲು ಬಿಡುವುದಿಲ್ಲ.

ಮೋರ್ವೆನ್

*

ಪಾಂಟ್‌ಹೆಲಿಗ್
ಭಾನುವಾರ, 19 ಏಪ್ರಿಲ್ 1998

ಮೋರ್ವೆನ್,

ನಿನ್ನ ಕಾಗದ ಈಸ್ಟರಿಗೆ ಮುಂಚೆಯೇ ಬಂತು. ಓದಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡೆ. ಯಾರಿಗೂ ತೋರಿಸಲಿಲ್ಲ. ಇಟ್ಟುಕೊಂಡೇ ನಿನ್ನೆ ಲೇಟನ್‌ಗೆ ಜರ್ಸಿ ಕೊಟ್ಟೆ. ಒಂದೇ ಪಂದ್ಯ, ಏನೂ ಆಗುವುದಿಲ್ಲ, ಮುಗಿದ ಮೇಲೆ ಅವನಿಗೆ ಆಟ ಬಿಡಿಸುತ್ತೇನೆ ಎಂದು ನನಗೇ ನಾನು ಹೇಳಿಕೊಂಡೆ. ಇದನ್ನು ನೀನು ಹೇಗೆ ಬೇಕೋ ಹಾಗೆ ತೆಗೆದುಕೊ.

ಊರೆಲ್ಲ ಬಂದಿತ್ತು. ಗಣಿ ಮುಚ್ಚಿದ ದಿನ ಬಿಟ್ಟರೆ ಅಷ್ಟು ಜನ ಒಟ್ಟಿಗೆ ಸೇರಿದ್ದು ನಾನು ನೋಡಿಲ್ಲ. ಮೊದಲ ಒದೆ ಗ್ವಿಲ್‌ನದು ಎಂದು ಹೇಳಿದ್ದೆನಲ್ಲ, "ಎಲ್ಲಿ ನಿನ್ನ ಆಸ್ಟ್ರೇಲಿಯಾದವನು?" ಎಂದು ಕೇಳಿದರು. ಬರಲಿಲ್ಲ ಎಂದೆ. ಅಷ್ಟೇ ಹೇಳಿದೆ.

ಹನ್ನೆರಡು-ಹತ್ತು, ನಾವು ಮುಂದಿದ್ದೆವು. ಮೊದಲ ಅರ್ಧ ಮುಗಿಯುವ ಹೊತ್ತು. ಹೊಳೆಯ ಕಡೆಯ ಮೂಲೆಯಲ್ಲಿ ಸ್ಕ್ರಮ್ಮು. ಒಳಗೆ ಹೋಗುವಾಗಲೇ ಲೇಟನ್ ತಲೆ ಬಗ್ಗಿತ್ತು, ಗ್ವಿಲ್ ಬೇಡ ಎಂದ ಹಾಗೆಯೇ. ತಲೆಗೆ ತಲೆ ಬಡಿದ ಶಬ್ದ ಗೆರೆಯ ಆಚೆ ನಿಂತ ನನಗೆ ಕೇಳಿಸಿತು. ಓಡಿದೆ. ಬಕೆಟ್ಟಿನ ನೀರೆಲ್ಲ ನನ್ನ ಪ್ಯಾಂಟಿನ ಮೇಲೆಯೇ ಚೆಲ್ಲಿತು.

ಟ್ರೆವೋರ್ಗನ್ನಿನಲ್ಲಿ ನಕ್ಕಿದ್ದನಲ್ಲ, ಅದೇ ರೆಫರಿ. ಈ ಸಲ ನಗಲಿಲ್ಲ. ಲೇಟನ್ ಮಂಡಿಯೂರಿ ಕೂತಿದ್ದ. "ಸ್ಕೋರ್ ಎಷ್ಟು ಮಗನೇ? ಇದು ಯಾವ ಮೈದಾನ?" ಎಂದ.

ಲೇಟನ್ ಎಡಕ್ಕೆ ತಿರುಗಿದ. ಕುತ್ತಿಗೆ ಬಗ್ಗಿಸಿ ಕಾದ.

ನೀನು ಬರೆದ ಹಾಗೇ ಮೋರ್ವೆನ್. ಮುಖದಲ್ಲಿ ಭಯವೇ ಇಲ್ಲ. ಡೋರಿಯನ್ ಲೇಸಿಗೆ ಕೈ ಹಾಕಿ ಬಗ್ಗಿದ್ದ, ಬಾಯಿ ತೆರೆದಿದ್ದ. ನಾನು ಅವನ ಬಾಯಿಗೆ ಅಂಗೈ ಒತ್ತಿ ಹಿಡಿದೆ. ಅವನ ಹಲ್ಲು ನನ್ನ ಕೈಗೆ ತಾಗಿತು. "ಬಾಯಿ ಮುಚ್ಚೋ" ಎಂದೆ.

ಯಾರೂ ಉಸುರಲಿಲ್ಲ. ಲೇಟನ್ ಕಾಯುತ್ತಲೇ ಇದ್ದ. ಆಮೇಲೆ ನನ್ನನ್ನು ನೋಡಿ, "ಎಲ್ವಿನ್ ಮಾಮ, ಯಾರೂ ಹೇಳ್ತಿಲ್ಲ" ಎಂದ. ನರ್ಸರಿ ಶಾಲೆಯ ಮಗು ಹೇಳಿದ ಹಾಗೆ.

ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಗೆರೆಯ ಆಚೆಗೆ ಕರೆತಂದೆ. ರೆಫರಿ ಹಿಂದೆ ಬಂದು, "ಬೇರೆ ಹುಕ್ಕರ್ ಇದಾರಾ?" ಎಂದ. ಅವನಿಗೂ ಗೊತ್ತು, ಇಡೀ ಊರಿಗೂ ಗೊತ್ತು.

"ಇಲ್ಲ" ಎಂದೆ.

"ಹಾಗಾದ್ರೆ ನಿಮಗೆ ಗೊತ್ತಲ್ಲ ಮಿಸ್ಟರ್ ಪ್ರೋಬರ್ಟ್."

"ನನಗೆ ಗೊತ್ತಿರೋದನ್ನ ನನಗೇ ಹೇಳ್ಬೇಡಿ. ಸೀಟಿ ಊದಿ."

ಊದಿದ. ಮೂರನೆಯದೂ ಹೋಯಿತು. ಬೈಗುಳ ಶುರುವಾಯಿತು. "ಮುದಿಯ, ಊರು ಮಾರಿದೆ" ಎಂದು ಒಬ್ಬ. ಇನ್ನೊಬ್ಬ ನನ್ನ ಕಾಲ ಬಳಿ ಉಗುಳಿದ, ಅವನ ಅಪ್ಪನನ್ನು ಗಣಿಯಿಂದ ಹೊತ್ತು ತಂದವನು ನಾನು. ಡೋರಿಯನ್ ಬಂದು ನಿಂತ. ಅಳುತ್ತಿದ್ದ, ಅಷ್ಟು ದೊಡ್ಡ ಆಳು. "ಮೂರು ಮಾತು ಮಾಮ. ಮೂರೇ ಮಾತು ಹೇಳಿದ್ರೆ ಮುಗೀತಿತ್ತು. ನೀವೇ ಅಲ್ವಾ ಕಲಿಸಿದ್ದು?"

ಹೌದು, ನಾನೇ ಎಂದೆ.

ಲೇಟನ್‌ನನ್ನು ಆಸ್ಪತ್ರೆಗೆ ಒಯ್ದರು. ತಲೆಯೊಳಗೆ ರಕ್ತ ಕಟ್ಟಿದೆಯಂತೆ. ಅದು ನಿನ್ನೆಯದೊಂದೇ ಅಲ್ಲ, ಹಳೆಯದೂ ಇದೆ ಎಂದರಂತೆ. ಬದುಕುತ್ತಾನೆ. ಎಷ್ಟು ಮಟ್ಟಿಗೆ ಬದುಕುತ್ತಾನೆ ಎಂದು ಈಗಲೇ ಹೇಳಲಾಗುವುದಿಲ್ಲವಂತೆ. ಇವತ್ತು ಬೆಳಿಗ್ಗೆ ಹೋಗಿದ್ದೆ. ಬ್ರೆಂಡಾ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಪಂದ್ಯ ಎಷ್ಟೊತ್ತಿಗೆ ಅಂತ ಕೇಳ್ತಾ ಇದಾನೆ" ಎಂದು ಹೇಳಿ ಬಾಗಿಲು ಹಾಕಿಕೊಂಡಳು.

ಕ್ಲಬ್ಬಿಗೆ ಹೋದೆ. ಬೀಗದ ಕೈಯನ್ನು ಕೌಂಟರಿನ ಮೇಲೆ ಇಟ್ಟೆ. ಯಾರೂ ನನ್ನ ಕಡೆ ನೋಡಲಿಲ್ಲ. ಜರ್ಸಿಗಳನ್ನು ತಂದು ಒಗೆದು ಹಿತ್ತಲಿನಲ್ಲಿ ಹರವಿದ್ದೇನೆ. ಇನ್ನು ಯಾರು ಹಾಕಿಕೊಳ್ಳಬೇಕೋ ಗೊತ್ತಿಲ್ಲ. ಲೇಟನ್ ಹಾಕಿದ್ದ ಎರಡನೇ ನಂಬರಿನದು ಆಸ್ಪತ್ರೆಯವರು ಕತ್ತರಿಸಿ ತೆಗೆದಿದ್ದಾರೆ. ಹೊಲಿಯಲು ಕೂತೆ. ಆಮೇಲೆ ಯಾಕೆ ಹೊಲಿಯಬೇಕು ಎಂದುಕೊಂಡು ಬಿಟ್ಟೆ.

ಒಂದು ಕೆಲಸ ಮಾಡು ಮೋರ್ವೆನ್. ಈ ಕಾಗದದ ಇಲ್ಲಿಯ ತನಕದ್ದನ್ನು ಅವನಿಗೆ ಓದಬೇಡ. ಕೆಳಗಿನದನ್ನು ಮಾತ್ರ ಓದು. ಎದುರಿಗೆ ಕೂತು ಓದಬೇಡ. ಎಡಗಡೆ ಕೂತುಕೋ, ಸ್ವಲ್ಪ ಬಗ್ಗು, ಕಿವಿಯ ಹತ್ತಿರ ಮೆಲ್ಲಗೆ ಹೇಳು. ದಿನಾ ಹೇಳಬೇಕಾದರೂ ಸರಿ, ದಿನಾ ಹೇಳು. ತಿಂಗಳು ಬದಲಾದಾಗ ನೀನೇ ಬದಲಾಯಿಸಿಕೋ.

ಗ್ವಿಲ್, ನಾನು ಕಣೋ, ಎಲ್ವಿನ್. ಡಾಕ್ಟರು ಕೇಳುತ್ತಿದ್ದಾರೆ, ಬೇಗ ಕೇಳಿಸಿಕೊ. ತಿಂಗಳು ಏಪ್ರಿಲ್. ಊರು ಪರ್ತ್. ಪಕ್ಕದಲ್ಲಿ ಇರುವವಳು ಮೋರ್ವೆನ್, ನಿನ್ನ ಹೆಂಡತಿ. ಸ್ಕೋರು ಹನ್ನೆರಡು-ಹತ್ತು, ನಾವು ಮುಂದೆ. ನೀನು ಗ್ವಿಲಿಮ್ ಪಾಸ್ಕ್. ಏಳಬೇಡ. ಹಾಗೇ ಮಲಗಿರು.